ಮತ್ತೆ ಉಬ್ಬಿದ ನರ: ಎರಡನೇ ಆಪರೇಷನ್‌ಗೆ ಮೊದಲು ನಿಂತು ಡಾಪ್ಲರ್

“ಆಪರೇಷನ್ ಮಾಡಿಸಿ ಐದಾರು ವರ್ಷ ಆತ್ರಿ, ಈಗ ಮತ್ತ ನರ ಉಬ್ಬ್ಯಾವ.” ಹುನಗುಂದ, ಇಳಕಲ್, ಬಾದಾಮಿ ಸೀಮೆಯ ಸರ್ಜನ್ನರಿಗೆ ಈ ಮಾತು ಹೊಸದಲ್ಲ. ಹೇಳುವವರ ದನಿಯಲ್ಲಿ ಸಿಟ್ಟಿಗಿಂತ ಸೋತ ಭಾವವೇ ಹೆಚ್ಚು. ಮೊದಲ ಸಲ ಸಾಲ ಮಾಡಿ, ಸುಗ್ಗಿ ಬಿಟ್ಟು, ಮನೆ ನೋಡಿಕೊಳ್ಳಲು ತವರಿನಿಂದ ಯಾರನ್ನೋ ಕರೆಸಿಕೊಂಡು ಆಸ್ಪತ್ರೆ ಸೇರಿದ್ದವರು ಅವರು. ಈಗ ಅದೇ ಕಾಲು, ಅದೇ ಸೆಳೆತ, ಸಂಜೆಯಾದರೆ ಅದೇ ಭಾರ. ಮನೆಯವರು ಡಾಕ್ಟರನ್ನು ದೂರುತ್ತಾರೆ, ಇಲ್ಲವೇ ಹಣೆಬರಹವನ್ನು. ಆಮೇಲೆ ಎರಡನೇ ಆಪರೇಷನ್‌ಗೆ ಎಲ್ಲಿಗೆ ಹೋಗುವುದು ಎಂಬ ವಿಚಾರಣೆ ಶುರುವಾಗುತ್ತದೆ. ಅದಕ್ಕೂ ಮೊದಲು ಕೇಳಬೇಕಾದದ್ದು ಬೇರೆ ಇದೆ. ಈ ಸಲ ರಕ್ತ ಕೆಳಕ್ಕೆ ಜಾರುತ್ತಿರುವುದು ಎಲ್ಲಿಂದ?

ಈ ಪ್ರಶ್ನೆಗೆ ಕಣ್ಣಂದಾಜಿನಲ್ಲಿ ಉತ್ತರ ಸಿಗುವುದಿಲ್ಲ, ಕೈಯಲ್ಲಿ ಮುಟ್ಟಿ ನೋಡಿದರೂ ಸಿಗುವುದಿಲ್ಲ. ಒಮ್ಮೆ ಕೊಯ್ದ ಕಾಲಿನ ಒಳಗಿನ ಹಾದಿಗಳು ಹುಟ್ಟಿನಿಂದ ಬಂದಂತೆ ಉಳಿದಿರುವುದಿಲ್ಲ. ಅಂಥ ಕಾಲಿಗೆ ಮತ್ತೆ ಚಾಕು ಮುಟ್ಟಿಸುವ ಮುನ್ನ ರೋಗಿಯನ್ನು ನಿಲ್ಲಿಸಿ, ಸಾವಧಾನವಾಗಿ ಡಾಪ್ಲರ್ ಸ್ಕ್ಯಾನ್ ಮಾಡಿ, ರಕ್ತನಾಳಗಳ ನಕ್ಷೆ ಬರೆದುಕೊಳ್ಳಲೇಬೇಕು ಎಂದು ನಾನು ಖಚಿತವಾಗಿ ನಂಬಿದ್ದೇನೆ. ಸ್ಕ್ಯಾನ್ ಆಗಿದೆ ಎಂದು ಫೈಲಿನಲ್ಲಿ ಒಂದು ಕಾಗದ ಇದ್ದರಷ್ಟೇ ಸಾಲದು. ಆ ಕಾಗದ ಏನು ಹೇಳಬೇಕು, ಅದನ್ನು ಹೇಗೆ ಪಡೆಯಬೇಕು ಎಂಬುದು ರೋಗಿಗೂ ಗೊತ್ತಿರಬೇಕು.

ನಮ್ಮ ಭಾಗದಲ್ಲಿ ಈ ತೊಂದರೆ ಯಾರನ್ನು ಕಾಡುತ್ತದೆ ಎಂದು ನೋಡಲು ದೂರ ಹೋಗಬೇಕಿಲ್ಲ. ಖಾನಾವಳಿಯಲ್ಲಿ ಬೆಳಗಿನಿಂದ ಒಲೆಯ ಮುಂದೆ ರೊಟ್ಟಿ ಬೇಯಿಸುವ ಹೆಣ್ಣುಮಕ್ಕಳು, ಇಳಕಲ್ಲಿನ ಗ್ರಾನೈಟ್ ಕಾರ್ಖಾನೆಗಳಲ್ಲಿ ಕಲ್ಲಿಗೆ ಪಾಲಿಶ್ ಹಿಡಿಯುವವರು, ರಬಕವಿ-ಬನಹಟ್ಟಿಯ ಪವರ್‌ಲೂಮ್‌ಗಳ ನಡುವೆ ದಿನವಿಡೀ ನಿಂತಿರುವವರು, ಬಸ್ಸಿನ ಕಂಡಕ್ಟರುಗಳು, ಪೊಲೀಸರು, ಶಾಲೆಯ ಮೇಷ್ಟ್ರುಗಳು. ನಿಂತ ಕೆಲಸವೊಂದರಿಂದಲೇ ರೋಗ ಬರುತ್ತದೆ ಎನ್ನಲಾಗದು. ತಾಯಿಗೋ ತಂದೆಗೋ ಇದ್ದರೆ ಮಕ್ಕಳಿಗೆ ಬರುವ ಸಾಧ್ಯತೆ ಹೆಚ್ಚು. ಹೆರಿಗೆಗಳು, ವಯಸ್ಸು, ಮೈತೂಕ ಎಲ್ಲವೂ ಸೇರುತ್ತವೆ. ಆದರೆ ಒಳಗೆ ದುರ್ಬಲವಾಗಿರುವ ನಾಳದ ಮೇಲೆ ದಿನಕ್ಕೆ ಹತ್ತು ತಾಸು ನಿಲ್ಲುವ ಹೊರೆ ಬಿದ್ದರೆ ಅದು ಬೇಗ ಸೋಲುತ್ತದೆ. ಆಪರೇಷನ್ ಆದ ಮೇಲೂ ಈ ಜನ ಮರಳುವುದು ಅದೇ ಒಲೆಗೆ, ಅದೇ ಕಾರ್ಖಾನೆಗೆ.

ಕಾಲಿನ ರಕ್ತ ಹೃದಯಕ್ಕೆ ಮರಳಬೇಕಾದರೆ ಮೇಲಕ್ಕೆ ಏರಬೇಕು. ನಡೆಯುವಾಗ ಮೀನಖಂಡ ಹಿಂಡಿಕೊಂಡು ರಕ್ತವನ್ನು ಮೇಲಕ್ಕೆ ತಳ್ಳುತ್ತದೆ. ತಳ್ಳಿದ್ದು ಕೆಳಕ್ಕೆ ಬೀಳದಂತೆ ನಾಳಗಳ ಒಳಗೆ ಪುಟ್ಟ ಕವಾಟಗಳಿವೆ. ಇಟಲಿಯ ಫ್ಯಾಬ್ರಿಶಿಯಸ್ 1603ರಲ್ಲಿ ಇವುಗಳ ಬಗ್ಗೆಯೇ ಪುಸ್ತಕ ಬರೆದ. ಅವನ ಶಿಷ್ಯ ವಿಲಿಯಂ ಹಾರ್ವೆ 1628ರಲ್ಲಿ ರಕ್ತ ಸುತ್ತುತ್ತದೆ ಎಂದು ತೋರಿಸುವಾಗ ಇದೇ ಕವಾಟಗಳನ್ನು ಸಾಕ್ಷಿಗೆ ಕರೆದ. ಕಾಲಿನ ರಕ್ತದ ಬಹುಪಾಲನ್ನು ಒಯ್ಯುವುದು ಸ್ನಾಯುಗಳ ನಡುವೆ ಇರುವ ಆಳದ ನಾಳಗಳು. ಚರ್ಮದ ಅಡಿ ಇನ್ನೊಂದು ವ್ಯವಸ್ಥೆ ಇದೆ. ಪಾದದ ಒಳಮಗ್ಗುಲಿನಿಂದ ಹೊರಟು ತೊಡೆಸಂದಿನಲ್ಲಿ ಆಳದ ನಾಳಕ್ಕೆ ಸೇರುವ ಉದ್ದನೆಯ ನಾಳ ಗ್ರೇಟ್ ಸೆಫೇನಸ್. ಮೀನಖಂಡದ ಹಿಂಬದಿಯಲ್ಲಿ ಏರಿ ಸಾಮಾನ್ಯವಾಗಿ ಮೊಣಕಾಲಿನ ಹಿಂದೆ ಸೇರುವುದು ಸ್ಮಾಲ್ ಸೆಫೇನಸ್. ಇವೆರಡಲ್ಲದೆ ಮೇಲಿನ ನಾಳಗಳನ್ನೂ ಆಳದ ನಾಳಗಳನ್ನೂ ಜೋಡಿಸುವ ಅಡ್ಡ ನಾಳಗಳಿವೆ. ಡಾಕ್ಟರರು ಅವನ್ನು ಪರ್ಫೊರೇಟರ್ ಎನ್ನುತ್ತಾರೆ. ಎಲ್ಲಿಯಾದರೂ ಕವಾಟ ಕೆಟ್ಟರೆ ರಕ್ತ ಹಿಂದಕ್ಕೆ ಜಾರುತ್ತದೆ, ಒತ್ತಡ ಏರುತ್ತದೆ, ಕೆಳಗಿನ ನಾಳ ಹಿಗ್ಗಿ ಸುತ್ತಿಕೊಳ್ಳುತ್ತದೆ.

ಹುನಗುಂದದ ಎರೆಹೊಲಗಳಲ್ಲಿ ಒಡ್ಡು ಕಟ್ಟಿ ಮಳೆನೀರು ಹಿಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನೀರು ನಿಂತು ಬೆಳೆ ಕೊಳೆಯುವುದು ಕೆಳಗಿನ ಹೊಲದಲ್ಲಿ, ಇಲಿ ಬಿಲ ತೋಡಿರುವುದು ಮೇಲಿನ ಒಡ್ಡಿನಲ್ಲಿ. ಕಾಲಿನಲ್ಲಿ ಕಣ್ಣಿಗೆ ಕಾಣುವ ಗಂಟು ಆ ಕೆಳಗಿನ ಹೊಲ. ಗಂಟನ್ನಷ್ಟೇ ತೆಗೆದು ಮೇಲಿನ ಸೋರಿಕೆ ಬಿಟ್ಟರೆ ಇನ್ನೊಂದು ಕಡೆ ಗಂಟು ಕಟ್ಟುತ್ತದೆ.

ಸ್ಕ್ಯಾನ್ ಇಲ್ಲದ ಕಾಲದಲ್ಲಿ ಸರ್ಜನ್ನರು ಸೋರಿಕೆ ಹುಡುಕುತ್ತಿದ್ದುದು ಪಟ್ಟಿ ಕಟ್ಟಿ. ರೋಗಿಯನ್ನು ಮಲಗಿಸಿ, ಕಾಲೆತ್ತಿ ನಾಳಗಳನ್ನು ಬರಿದು ಮಾಡಿ, ತೊಡೆಗೆ ರಬ್ಬರ್ ಪಟ್ಟಿ ಬಿಗಿದು ಎಬ್ಬಿಸಿ ನಿಲ್ಲಿಸುವುದು. ನಾಳ ಮೇಲಿನಿಂದ ತುಂಬಿತೋ ಕೆಳಗಿನಿಂದಲೋ ನೋಡುವುದು. ಜರ್ಮನಿಯ ಟ್ರೆಂಡೆಲೆನ್‌ಬರ್ಗ್ 19ನೆಯ ಶತಮಾನದ ಕೊನೆಗೆ ಹೇಳಿಕೊಟ್ಟ ಈ ಪರೀಕ್ಷೆಯನ್ನು ಇವತ್ತಿಗೂ ನಮ್ಮ ಮೆಡಿಕಲ್ ಕಾಲೇಜುಗಳ ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ವಿದ್ಯಾರ್ಥಿಗಳು ಮಾಡಿ ತೋರಿಸುತ್ತಾರೆ. ಕೈಗೆ, ಕಣ್ಣಿಗೆ ಒಳ್ಳೆಯ ತರಬೇತಿ ಅದು. ಮೊದಲ ಸಲ ಬಂದ ಸರಳ ಪ್ರಕರಣದಲ್ಲಿ ಒಂದಿಷ್ಟು ಸುಳಿವನ್ನೂ ಕೊಡುತ್ತದೆ. ಆದರೆ ಆಪರೇಷನ್ ಆದ ಕಾಲಿನಲ್ಲಿ ಮುಖ್ಯ ನಾಳವೇ ಇಲ್ಲದಿರಬಹುದು, ಅರ್ಧ ಉಳಿದಿರಬಹುದು, ಪಕ್ಕದ ಕವಲೊಂದು ಅದರ ಜಾಗ ಹಿಡಿದಿರಬಹುದು. ಅಲ್ಲಿ ಪಟ್ಟಿಯ ಪರೀಕ್ಷೆಯನ್ನು ನಂಬಿ ಕೊಯ್ಯುವುದು ಸರಿಯಲ್ಲ.

ಹಾಗಾದರೆ ಮತ್ತೆ ಬರುವುದೇಕೆ? 1998ರಲ್ಲಿ ಪ್ಯಾರಿಸ್‌ನಲ್ಲಿ ಬೇರೆ ಬೇರೆ ದೇಶಗಳ ತಜ್ಞರು ಇದೊಂದೇ ವಿಷಯಕ್ಕೆ ಸಭೆ ಸೇರಿದ್ದರು. ಎಷ್ಟು ಕಾಲ ಕಾದು ನೋಡಿದಿರಿ, ಯಾವುದನ್ನು ಮರುಕಳಿಕೆ ಎಂದಿರಿ ಎನ್ನುವುದರ ಮೇಲೆ ಅಂಕಿ 20ರಿಂದ 80 ಶೇಕಡಾವರೆಗೆ ಓಡಾಡುತ್ತದೆ ಎಂದು ಅವರು ದಾಖಲಿಸಿದರು. ಅಷ್ಟು ಅಗಲದ ಅಂತರವೇ ಹೇಳುತ್ತದೆ, ಇದು ಒಬ್ಬ ರೋಗಿಯ ದುರದೃಷ್ಟವಲ್ಲ ಎಂದು. ಕಾರಣಗಳನ್ನು ಅವರು ವಿಂಗಡಿಸಿದ ರೀತಿ ಇವತ್ತಿಗೂ ಬಳಕೆಯಲ್ಲಿದೆ. ಮೊದಲ ಆಪರೇಷನ್‌ನಲ್ಲಿ ಸೋರಿಕೆಯ ಮೂಲವನ್ನೇ ತಪ್ಪು ಗುರುತಿಸಿರುವುದು ಒಂದು. ಮೂಲ ಗೊತ್ತಿದ್ದೂ ಕೆಲಸ ಪೂರ್ತಿಯಾಗದಿರುವುದು ಇನ್ನೊಂದು. ತೊಡೆಸಂದಿನಲ್ಲಿ ನಾಳವನ್ನು ತುಸು ಕೆಳಗೆ ಕಟ್ಟಿ, ಮೇಲೆ ಮೋಟು ತುಂಡು ಉಳಿದು, ಅದಕ್ಕೆ ಅಂಟಿದ ಕವಲುಗಳು ದೊಡ್ಡದಾಗುವುದು ಈ ಬಗೆಯದು. ತೊಡೆಯ ನಾಳವನ್ನು ಕಟ್ಟಿ ಹಾಗೆಯೇ ಒಳಗೆ ಬಿಟ್ಟರೂ ತೊಂದರೆ. ಇಂಗ್ಲೆಂಡಿನ ಗ್ಲಾಸ್ಟರ್‌ನಿಂದ 1999ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸುಮಾರು ಐದು ವರ್ಷದ ನಂತರ ನೋಡಿದಾಗ, ನಾಳವನ್ನು ಎಳೆದು ತೆಗೆದ ಕಾಲುಗಳಲ್ಲಿ 6 ಶೇಕಡಾಕ್ಕೆ ಮರು ಆಪರೇಷನ್ ಬೇಕಾಗಿತ್ತು. ಬರಿದೆ ಕಟ್ಟಿ ಬಿಟ್ಟ ಕಾಲುಗಳಲ್ಲಿ ಅದು 20 ಶೇಕಡಾ.

ಮೂರನೆಯ ಕಾರಣ ದೇಹದ್ದೇ ಕೆಲಸ. ತೊಡೆಸಂದಿನಲ್ಲಿ ನಾಳವನ್ನು ಸರಿಯಾದ ಜಾಗದಲ್ಲೇ ಕತ್ತರಿಸಿ ಕಟ್ಟಿದರೂ, ಗಾಯ ಮಾಯುವಾಗ ಕಟ್ಟಿದ ಜಾಗದ ಸುತ್ತ ಹೊಸ ನಾಳಗಳು ಚಿಗುರುತ್ತವೆ. ಎಲ್ಲ ಗಾಯಗಳಲ್ಲೂ ಸಣ್ಣ ರಕ್ತನಾಳಗಳು ಹುಟ್ಟುವುದು ಸಹಜ, ಹಾಗೆ ಹುಟ್ಟದಿದ್ದರೆ ಗಾಯ ಮಾಯುವುದೇ ಇಲ್ಲ. ಆದರೆ ಇಲ್ಲಿ ಚಿಗುರಿದ ನಾಳಗಳು ಒಂದಕ್ಕೊಂದು ಕೂಡಿಕೊಂಡು, ಕತ್ತರಿಸಿದ ಮೇಲಿನ ತುದಿಗೂ ಕೆಳಗೆ ಉಳಿದ ಕವಲಿಗೂ ಮತ್ತೆ ಸೇತುವೆ ಕಟ್ಟಿಬಿಡುತ್ತವೆ. ಈ ಎಳೆಯ ನಾಳಗಳಿಗೆ ಕವಾಟ ಇರುವುದಿಲ್ಲ. ಗೋಡೆ ತೆಳು, ದಾರಿ ಸೊಟ್ಟ. ಸ್ಕ್ಯಾನಿನಲ್ಲಿ ಇವು ಹಳೆಯ ಗಾಯದ ಕಲೆಯ ಅಡಿ ಹೆಣೆದುಕೊಂಡ ಸಣ್ಣ ಸಣ್ಣ ಸುರುಳಿಗಳಾಗಿ ಕಾಣುತ್ತವೆ. ಆಪರೇಷನ್ ಆದ ವರ್ಷದೊಳಗೇ ಕೆಲವರಲ್ಲಿ ಇವು ಗೋಚರಿಸುವುದುಂಟು, ಗಂಟು ಹೊರಗೆ ಕಾಣುವುದು ಎಷ್ಟೋ ವರ್ಷಗಳ ನಂತರ. ಸರ್ಜನ್ ಎಷ್ಟೇ ನುರಿತವರಾಗಿದ್ದರೂ ಇದನ್ನು ಪೂರ್ತಿ ತಡೆಯುವುದು ಕಷ್ಟ. ಮತ್ತೆ ಬಂತು ಎಂದೊಡನೆ ಮೊದಲ ಡಾಕ್ಟರರನ್ನು ಬೈಯುವವರು ಇದನ್ನು ತಿಳಿದಿರಬೇಕು.

ನಾಲ್ಕನೆಯದು ರೋಗದ ಮುನ್ನಡೆ. ಮೊದಲ ಸಲ ಒಳ್ಳೆಯದಿದ್ದ ನಾಳ ಈಗ ಕೆಟ್ಟಿರುತ್ತದೆ. ತೊಡೆಯದನ್ನು ತೆಗೆಸಿಕೊಂಡವರಿಗೆ ಮೊಣಕಾಲಿನ ಹಿಂದಿನದು ಕೈಕೊಡುತ್ತದೆ.

ಈ ನಾಲ್ಕೂ ಕಾರಣಗಳಿಗೆ ಹೊರಗಿನಿಂದ ಕಾಣುವ ಲಕ್ಷಣ ಒಂದೇ, ಚಿಕಿತ್ಸೆ ಮಾತ್ರ ಬೇರೆ ಬೇರೆ. ನಾಳಗಳ ಚಿತ್ರ ಇಲ್ಲದೆ ಇವನ್ನು ಬೇರ್ಪಡಿಸಲು ಬರುವುದಿಲ್ಲ.

ನಾಳಗಳ ಚಿತ್ರ ತೆಗೆಯುವ ಯತ್ನಕ್ಕೆ ಈಗ ನೂರು ವರ್ಷ ದಾಟಿದೆ. 1923ರಲ್ಲಿ ಜರ್ಮನಿಯ ಬೆರ್‌ಬೆರಿಷ್ ಮತ್ತು ಹಿರ್ಷ್ ಸ್ಟ್ರಾನ್ಷಿಯಂ ಬ್ರೋಮೈಡ್ ಎಂಬ ಲವಣದ ದ್ರಾವಣವನ್ನು ಜೀವಂತ ಮನುಷ್ಯರ ರಕ್ತನಾಳಕ್ಕೆ ಚುಚ್ಚಿ ಎಕ್ಸ್‌ರೇ ತೆಗೆದರು. 1938ರಲ್ಲಿ ಪೋರ್ಚುಗಲ್ಲಿನ ಜೊವಾವ್ ಸಿಡ್ ದೊಸ್ ಸಾಂತೋಸ್ ಕಾಲಿನ ನಾಳಗಳ ಚಿತ್ರಣವನ್ನು ಇನ್ನೂ ಮುಂದಕ್ಕೆ ಒಯ್ದರು. ಮರುಕಳಿಸಿದ ಉಬ್ಬುನಾಳಗಳಿಗೆಂದೇ ಒಂದು ಉಪಾಯವೂ ಬಳಕೆಗೆ ಬಂತು. ಉಬ್ಬಿದ ಗಂಟಿಗೇ ನೇರವಾಗಿ ಬಣ್ಣದ ಔಷಧ ಚುಚ್ಚಿ, ಅದು ಯಾವ ದಾರಿ ಹಿಡಿದು ಎಲ್ಲಿ ಆಳದ ನಾಳ ಸೇರುತ್ತದೆ ಎಂದು ಎಕ್ಸ್‌ರೇ ಪರದೆಯ ಮೇಲೆ ನೋಡುವುದು. ಸುತ್ತಿ ಬಳಸಿ ಹೋಗುವ ದಾರಿಗಳನ್ನು ಅದು ಚೆನ್ನಾಗಿಯೇ ತೋರಿಸುತ್ತಿತ್ತು. ಸೂಜಿ, ವಿಕಿರಣ, ಔಷಧದ ಅಲರ್ಜಿಯ ಭಯ ಜೊತೆಗಿತ್ತು.

ಆಮೇಲೆ ಬಂದದ್ದು ಶಬ್ದತರಂಗ. ಹತ್ತಿರ ಬರುವ ರೈಲಿನ ಸೀಟಿ ದೂರ ಹೋಗುವಾಗ ದನಿ ಇಳಿಸುತ್ತದಲ್ಲ, ಆ ಗುಣವನ್ನು ಕ್ರಿಶ್ಚಿಯನ್ ಡಾಪ್ಲರ್ 1842ರಲ್ಲಿ ವಿವರಿಸಿದ್ದ. ಹರಿಯುವ ರಕ್ತದ ಕಣಗಳಿಗೆ ತಾಗಿ ಮರಳಿದ ತರಂಗದಿಂದ ರಕ್ತ ಯಾವ ಕಡೆ, ಎಷ್ಟು ವೇಗದಲ್ಲಿ ಹೋಗುತ್ತಿದೆ ಎಂದು ತಿಳಿಯಬಹುದು. ಇದಕ್ಕೆ ಸಾಮಾನ್ಯ ಅಲ್ಟ್ರಾಸೌಂಡ್ ಚಿತ್ರವನ್ನು ಕೂಡಿಸಿದ ಯಂತ್ರ 1970ರ ದಶಕದಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ರೂಪುಗೊಂಡಿತು. ನಾಳದ ಆಕಾರವನ್ನೂ ಅದರೊಳಗಿನ ಹರಿವನ್ನೂ ಒಟ್ಟಿಗೇ ತೋರಿಸುವುದರಿಂದ ಅದಕ್ಕೆ ಡ್ಯುಪ್ಲೆಕ್ಸ್ ಎಂದು ಹೆಸರು. ನಮ್ಮಲ್ಲಿ ಎಲ್ಲರೂ ಅನ್ನುವುದು ಡಾಪ್ಲರ್ ಎಂದೇ. ಸೂಜಿ ಇಲ್ಲ, ವಿಕಿರಣ ಇಲ್ಲ, ನೋವಿಲ್ಲ. ಬೇಕಾದಷ್ಟು ಸಲ ಮಾಡಬಹುದು.

ಸರಿಯಾಗಿ ಮಾಡಿದ ಸ್ಕ್ಯಾನ್ ಹೇಗಿರುತ್ತದೆ? ಇಳಕಲ್ಲಿನ ಖಾನಾವಳಿಯೊಂದರ ಐವತ್ತರ ಆಸುಪಾಸಿನ ತಾಯಿಯೊಬ್ಬಳನ್ನು ಕಣ್ಣ ಮುಂದೆ ತಂದುಕೊಳ್ಳೋಣ. ಆಕೆಯ ಬಲತೊಡೆಸಂದಿನಲ್ಲಿ ಹಳೆಯ ಆಪರೇಷನ್‌ನ ಗೆರೆ ಇದೆ. ಕೋಣೆಯಲ್ಲಿ ಫ್ಯಾನು ಜೋರಾಗಿರಬಾರದು, ಏಕೆಂದರೆ ಚಳಿಗೆ ನಾಳಗಳು ಮುದುಡಿಕೊಳ್ಳುತ್ತವೆ. ಆಕೆಯನ್ನು ಒಂದು ಗಿಡ್ಡ ಮೆಟ್ಟಿಲಿನ ಮೇಲೆ ನಿಲ್ಲಿಸುತ್ತಾರೆ. ಮೈಭಾರ ಎಡಗಾಲಿನ ಮೇಲೆ, ಕೈಗೆ ಹಿಡಿದುಕೊಳ್ಳಲು ಒಂದು ಕಂಬಿ. ಬಲಗಾಲು ತುಸು ಹೊರಕ್ಕೆ ತಿರುಗಿ, ಮೊಣಕಾಲು ಸಡಿಲಾಗಿ ಇರುತ್ತದೆ. ಪರೀಕ್ಷಿಸುವವರು ಕೆಳಗೆ ಕುಳಿತು, ಜೆಲ್ ಹಚ್ಚಿ, ಪ್ರೋಬನ್ನು ತೊಡೆಸಂದಿಗೆ ಹಿಡಿದು, ಇನ್ನೊಂದು ಕೈಯಿಂದ ಮೀನಖಂಡವನ್ನು ಒಮ್ಮೆ ಹಿಂಡಿ ಬಿಡುತ್ತಾರೆ. ಹಿಂಡಿದಾಗ ರಕ್ತ ಮೇಲಕ್ಕೆ ಚಿಮ್ಮುತ್ತದೆ, ಪರದೆಯ ಮೇಲೆ ಒಂದು ಬಣ್ಣ. ಬಿಟ್ಟಾಗ ಒಳ್ಳೆಯ ನಾಳದಲ್ಲಿ ಕವಾಟ ಮುಚ್ಚಿ ಎಲ್ಲ ಸ್ತಬ್ಧವಾಗುತ್ತದೆ. ಕೆಟ್ಟ ನಾಳದಲ್ಲಿ ಬಣ್ಣ ಮಗುಚಿ ಬೀಳುತ್ತದೆ, ರಕ್ತ ಹಿಂದಕ್ಕೆ ಹರಿಯುತ್ತಲೇ ಇರುತ್ತದೆ. ಮೇಲಿನ ನಾಳಗಳಲ್ಲಿ ಈ ಹಿಂಜಾರು ಅರ್ಧ ಸೆಕೆಂಡಿಗಿಂತ ಹೆಚ್ಚು ಇದ್ದರೆ ಕವಾಟ ಕೆಟ್ಟಿದೆ ಎಂದು ಲೆಕ್ಕ. ತೊಡೆಯ, ಮೊಣಕಾಲಿನ ಆಳದ ನಾಳಗಳಿಗೆ ಈ ಗಡಿ ಒಂದು ಸೆಕೆಂಡು. ಪರದೆಯ ಕೆಂಪು, ನೀಲಿ ಬಣ್ಣಗಳನ್ನು ನೋಡಿ ಒಳ್ಳೆ ರಕ್ತ, ಕೆಟ್ಟ ರಕ್ತ ಎಂದು ಗಾಬರಿಯಾಗುವುದು ಬೇಡ. ಆ ಬಣ್ಣಗಳು ತೋರಿಸುವುದು ರಕ್ತ ಪ್ರೋಬಿನ ಕಡೆಗೆ ಬರುತ್ತಿದೆಯೋ ದೂರ ಹೋಗುತ್ತಿದೆಯೋ ಎಂಬುದನ್ನು ಮಾತ್ರ.

ಹೀಗೆ ತೊಡೆಸಂದಿನಿಂದ ಹಿಡಿದು ಪಾದದ ಗಂಟಿನವರೆಗೆ, ಆಮೇಲೆ ಹಿಂಬದಿ ತಿರುಗಿಸಿ ಮೊಣಕಾಲಿನ ಮಡಿಕೆಯಿಂದ ಹಿಮ್ಮಡಿಯವರೆಗೆ, ಅಡ್ಡ ನಾಳಗಳನ್ನು ಒಂದೊಂದಾಗಿ ಹುಡುಕುತ್ತಾ ಬರಬೇಕು. ಉಬ್ಬಿದ ಗಂಟಿನಿಂದ ಹೊರಟು, ಪ್ರೋಬನ್ನು ಮೇಲಕ್ಕೆ ಜರುಗಿಸುತ್ತಾ, ಆ ಗಂಟಿಗೆ ರಕ್ತ ಎಲ್ಲಿಂದ ಬರುತ್ತಿದೆ ಎಂದು ಮೂಲದವರೆಗೆ ಹಿಂಬಾಲಿಸಬೇಕು. ಮರುಕಳಿಸಿದ ಕಾಲಿನಲ್ಲಿ ಇದು ಹತ್ತು ನಿಮಿಷದ ಕೆಲಸವಲ್ಲ. ಆ ತಾಯಿಯ ಮೂಲ ಹಳೆಯ ಗಾಯದ ಕಲೆಯ ಅಡಿ ಚಿಗುರಿದ ಸುರುಳಿಗಳಲ್ಲಿ ಸಿಗಬಹುದು, ತೊಡೆಯ ನಡುವೆ ಒಂದು ಅಡ್ಡ ನಾಳದಲ್ಲಿ ಸಿಗಬಹುದು, ಇಲ್ಲವೇ ಮೊದಲ ಸಲ ಯಾರೂ ನೋಡದೆ ಬಿಟ್ಟ ಮೊಣಕಾಲಿನ ಹಿಂಬದಿಯಲ್ಲಿ.

ನಮ್ಮಲ್ಲಿ ಆಗುತ್ತಿರುವ ತೊಡಕು ಇಲ್ಲೇ. ಕಾಲಿನ ಡಾಪ್ಲರ್ ಎಂದು ಚೀಟಿ ಬರೆದರೆ ಎಷ್ಟೋ ಕಡೆ ರೋಗಿಯನ್ನು ಮಲಗಿಸಿಯೇ ಸ್ಕ್ಯಾನ್ ಮುಗಿಸುತ್ತಾರೆ. ಆಳದ ನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆಯೇ ಎಂದು ನೋಡಲು ಮಲಗಿದ್ದರೂ ನಡೆಯುತ್ತದೆ. ಹಿಂಜಾರು ನೋಡಲು ನಡೆಯುವುದಿಲ್ಲ. ಮಲಗಿದವರ ಕಾಲಿನಲ್ಲಿ ನಾಳಗಳು ಅರ್ಧ ಬರಿದಾಗಿರುತ್ತವೆ, ಕವಾಟದ ಮೇಲೆ ಭಾರವೇ ಬಿದ್ದಿರುವುದಿಲ್ಲ. ಸೋರಿಕೆ ಇದ್ದರೂ ಕಾಣದೆ ಹೋಗಬಹುದು. ಸ್ಕ್ಯಾನ್ ಮಾಡುವ ರೇಡಿಯಾಲಜಿಸ್ಟರ ಮುಂದೆ ಸರದಿ ಉದ್ದವಿರುತ್ತದೆ, ಚೀಟಿಯಲ್ಲಿ ಹಳೆಯ ಆಪರೇಷನ್ ವಿಷಯ ಬರೆದಿರುವುದಿಲ್ಲ, ರೋಗಿಯೂ ಹೇಳುವುದಿಲ್ಲ. ಹೀಗಾಗಿ ರಿಪೋರ್ಟಿನಲ್ಲಿ ಎರಡು ಸಾಲು ಬರುತ್ತದೆ: ಆಳದ ನಾಳ ಸರಿ ಇದೆ, ಮೇಲಿನ ನಾಳ ಉಬ್ಬಿದೆ. ಉಬ್ಬಿದ್ದು ರೋಗಿಗೇ ಗೊತ್ತಿತ್ತು. ಚೀಟಿ ಬರೆಯುವ ಸರ್ಜನ್, ಸ್ಕ್ಯಾನ್ ಮಾಡುವ ರೇಡಿಯಾಲಜಿಸ್ಟ್ ಇಬ್ಬರೂ ಒಂದು ಸಲ ಫೋನಿನಲ್ಲಿ ಮಾತಾಡಿದರೂ ಈ ಕಾಗದದ ಬೆಲೆ ಬೇರೆಯೇ ಆಗುತ್ತದೆ.

ಹೊರದೇಶಗಳಲ್ಲಿ ರಕ್ತನಾಳದ ಸರ್ಜನ್ನರು ತಮ್ಮ ಕೋಣೆಯಲ್ಲೇ ಯಂತ್ರ ಇಟ್ಟುಕೊಂಡು ತಾವೇ ನೋಡುವುದು ಸಾಮಾನ್ಯ. ನಮ್ಮಲ್ಲಿ ಹೆಣ್ಣುಭ್ರೂಣ ಹತ್ಯೆ ತಡೆಯಲು 1994ರಲ್ಲಿ ಬಂದ ಲಿಂಗಪತ್ತೆ ನಿಷೇಧ ಕಾಯ್ದೆಯ ಅಡಿ ಪ್ರತಿಯೊಂದು ಅಲ್ಟ್ರಾಸೌಂಡ್ ಯಂತ್ರವೂ ನೋಂದಣಿಯಾಗಿರಬೇಕು. ಯಾವ ಜಾಗದಲ್ಲಿ, ಯಾರು ಬಳಸುತ್ತಾರೆ ಎಂಬುದಕ್ಕೂ ಲೆಕ್ಕ ಇರಬೇಕು. ಕಾಲು ನೋಡುವ ಯಂತ್ರಕ್ಕೂ ಇದು ಅನ್ವಯ, ಏಕೆಂದರೆ ಕಾಲು ನೋಡುವ ಯಂತ್ರದಲ್ಲಿ ಹೊಟ್ಟೆಯನ್ನೂ ನೋಡಬಹುದು. ಕಾಯ್ದೆ ಬೇಕು, ನಮ್ಮ ಹೆಣ್ಣುಮಕ್ಕಳಿಗಾಗಿ ಬೇಕೇ ಬೇಕು. ಆದ್ದರಿಂದಲೇ ಸಣ್ಣ ಊರಿನ ಸರ್ಜನ್ ಪುಟ್ಟ ಯಂತ್ರವೊಂದನ್ನು ಬ್ಯಾಗಿನಲ್ಲಿಟ್ಟುಕೊಂಡು ಊರೂರು ತಿರುಗಿ ಕಾಲು ನೋಡುವಂತಿಲ್ಲ. ಸರ್ಜನ್ ಮತ್ತು ರೇಡಿಯಾಲಜಿಸ್ಟ್ ಒಂದೇ ಸೂರಿನಡಿ ಸಿಗುವ ಕಡೆಗೆ ರೋಗಿಯೇ ಹೋಗುವುದು ಲೇಸು. ನಮ್ಮ ಜಿಲ್ಲೆಯವರಿಗೆ ಬಾಗಲಕೋಟೆಯಲ್ಲಿ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘದ ಎಸ್. ನಿಜಲಿಂಗಪ್ಪ ಮೆಡಿಕಲ್ ಕಾಲೇಜು ಮತ್ತು ಅದರ ಹಾನಗಲ್ ಶ್ರೀ ಕುಮಾರೇಶ್ವರ ಆಸ್ಪತ್ರೆ ಇದೆ. ಅದರಾಚೆ ವಿಜಯಪುರ, ಹುಬ್ಬಳ್ಳಿ, ಬೆಳಗಾವಿಯ ಮೆಡಿಕಲ್ ಕಾಲೇಜು ಆಸ್ಪತ್ರೆಗಳಿವೆ. ಮೊದಲ ಸಲದ ಸರಳ ಪ್ರಕರಣಕ್ಕೆ ಇಷ್ಟು ಓಡಾಟ ಬೇಡದಿರಬಹುದು. ಮರುಕಳಿಸಿದ ಕಾಲಿಗೆ ಬಸ್ಸಿನ ಖರ್ಚು ದಂಡವಲ್ಲ.

ಸ್ಕ್ಯಾನಿನ ಇನ್ನೊಂದು ಕೆಲಸ, ಕೊಯ್ಯಬಾರದ ಕಾಲನ್ನು ಗುರುತಿಸುವುದು. ಯಾವಾಗಲೋ ಹೆರಿಗೆಯ ಬಾಣಂತನದಲ್ಲಿ, ಮೂಳೆ ಮುರಿದು ತಿಂಗಳುಗಟ್ಟಲೆ ಮಲಗಿದಾಗ, ಇಲ್ಲವೇ ಮೊದಲ ಆಪರೇಷನ್ ಆದ ಮೇಲೆಯೇ ಆಳದ ನಾಳದಲ್ಲಿ ರಕ್ತ ಹೆಪ್ಪುಗಟ್ಟಿ ದಾರಿ ಕಟ್ಟಿಕೊಂಡಿರಬಹುದು. ಕಾಲು ಊದಿತ್ತು, ತಾನಾಗಿ ಇಳಿಯಿತು ಎಂದು ಮರೆತುಬಿಟ್ಟಿರುತ್ತಾರೆ. ಅಂಥವರಲ್ಲಿ ಹೊರಗೆ ಉಬ್ಬಿದ ನಾಳಗಳೇ ರಕ್ತ ಮರಳುವ ಬದಲಿ ದಾರಿ. ಅವನ್ನೂ ತೆಗೆದರೆ ಕಾಲು ಇನ್ನಷ್ಟು ಊದಿ, ಹುಣ್ಣಾಗಿ, ಮೊದಲಿಗಿಂತ ಕೆಡುತ್ತದೆ. ಆಳದ ನಾಳ ತೆರೆದಿದೆ ಎಂದು ಖಚಿತವಾಗದೆ ಮೇಲಿನ ನಾಳಕ್ಕೆ ಕೈ ಹಾಕಬಾರದು.

ಹೆಣ್ಣುಮಕ್ಕಳ ವಿಷಯದಲ್ಲಿ ಮತ್ತೊಂದು ಮಾತು ಸಂಕೋಚ ಬಿಟ್ಟು ಹೇಳಬೇಕು. ಎರಡು ಮೂರು ಹೆರಿಗೆಯಾದವರಲ್ಲಿ ಸೋರಿಕೆಯ ಮೂಲ ಕಾಲಿನಲ್ಲೇ ಇರದೆ ಕಿಬ್ಬೊಟ್ಟೆಯೊಳಗೆ, ಅಂಡಾಶಯದ ನಾಳದಲ್ಲೋ ಗರ್ಭಕೋಶದ ಸುತ್ತಲಿನ ನಾಳಗಳಲ್ಲೋ ಇರಬಹುದು. ಅಲ್ಲಿಂದ ಒತ್ತಡ ಜನನಾಂಗದ ಪಕ್ಕಕ್ಕೆ, ತೊಡೆಯ ಒಳ-ಹಿಂಬದಿಗೆ ಇಳಿಯುತ್ತದೆ. ಅಲ್ಲಿ ಉಬ್ಬಿದ ನಾಳ ಇದೆ, ಮುಟ್ಟಿನ ಮುಂಚೆ ಕಿಬ್ಬೊಟ್ಟೆ ಭಾರ ಎನಿಸುತ್ತದೆ, ಕೂಡಿದ ಮೇಲೆ ನೋವು ಎಂದು ಎಷ್ಟೋ ತಾಯಂದಿರು ಗಂಡನಿಗೂ ಹೇಳಿರುವುದಿಲ್ಲ, ಗಂಡು ಡಾಕ್ಟರಿಗೆ ಹೇಳುವ ಮಾತೇ ಇಲ್ಲ. ಡಾಕ್ಟರೂ ಕೇಳಿರುವುದಿಲ್ಲ. ಕಾಲನ್ನು ಎಷ್ಟು ಸಲ ಕೊಯ್ದರೂ ಇಂಥ ಸೋರಿಕೆ ನಿಲ್ಲದು. ನರ್ಸಮ್ಮನ ಬಳಿಯಾದರೂ ಬಾಯಿಬಿಟ್ಟು ಹೇಳಬೇಕು. ಆಗ ಕಿಬ್ಬೊಟ್ಟೆಯ ಸ್ಕ್ಯಾನ್, ಬೇಕಾದರೆ ಸಿಟಿ ಅಥವಾ ಎಂಆರ್ ವೆನೋಗ್ರಾಮ್ ಮಾಡುತ್ತಾರೆ. ಎಡಗಾಲು ಇಡಿಯಾಗಿ ಊದಿಕೊಂಡಿದ್ದರೂ ಇದೇ ದಾರಿ, ಏಕೆಂದರೆ ಕಿಬ್ಬೊಟ್ಟೆಯಲ್ಲಿ ಎಡಗಾಲಿನ ನಾಳದ ಮೇಲೆ ಬಲಬದಿಯ ಅಪಧಮನಿ ಅಡ್ಡ ಹಾಯ್ದು ಅದನ್ನು ಅದುಮುವುದುಂಟು. ಮೇ ಮತ್ತು ತರ್ನರ್ ಎಂಬಿಬ್ಬರು 1957ರಲ್ಲಿ ಇದನ್ನು ವಿವರವಾಗಿ ಬರೆದರು. ಸಿಟಿಯಲ್ಲಿ ಬಳಸುವ ಔಷಧ ಕಿಡ್ನಿಗೆ ಭಾರವಾಗಬಹುದು, ಆದ್ದರಿಂದ ಮೊದಲು ರಕ್ತದ ಕ್ರಿಯಾಟಿನಿನ್ ನೋಡುತ್ತಾರೆ. ಎಲ್ಲರಿಗೂ ಸಿಟಿ ಬೇಕಿಲ್ಲ. ಡಾಪ್ಲರ್ ಮೂಲ ತೋರಿಸದೆ ಸೋತಾಗ, ಮೂಲ ಹೊಟ್ಟೆಯೊಳಗಿದೆ ಎಂಬ ಅನುಮಾನ ಬಂದಾಗ ಮಾತ್ರ.

ನಕ್ಷೆ ಸಿಕ್ಕರೆ ಚಿಕಿತ್ಸೆ ಹೇಗೆ ಬದಲಾಗುತ್ತದೆ ಎಂದು ನೋಡಿ. ಹಿಂದೆ ಮರುಕಳಿಸಿದ ಕಾಲು ಎಂದರೆ ತೊಡೆಸಂದಿನ ಹಳೆಯ ಗಾಯವನ್ನೇ ಮತ್ತೆ ಬಿಡಿಸುವುದು ರೂಢಿ. ಗಾಯದ ಕಲೆಯಲ್ಲಿ ಎಲ್ಲವೂ ಅಂಟಿಕೊಂಡಿರುತ್ತದೆ. ಪಕ್ಕದಲ್ಲೇ ಕಾಲಿನ ಮುಖ್ಯ ಅಪಧಮನಿ, ಆಳದ ನಾಳ, ಸುತ್ತ ದುಗ್ಧಗ್ರಂಥಿಗಳು. ಮೊದಲ ಸಲಕ್ಕಿಂತ ಎರಡನೇ ಸಲ ಗಾಯ ಕೀವಾಗುವ, ನೀರು ಸೋರುವ ಅಪಾಯ ಹೆಚ್ಚು. ಮೂಲ ಬೇರೆಡೆ ಇದೆ ಎಂದು ಸ್ಕ್ಯಾನ್ ತೋರಿಸಿದರೆ ತೊಡೆಸಂದನ್ನು ಮುಟ್ಟುವುದೇ ಬೇಡ. ಉಳಿದಿರುವ ನಾಳ ನೇರವಾಗಿದ್ದರೆ ಲೇಸರ್ ಅಥವಾ ರೇಡಿಯೋ ಫ್ರೀಕ್ವೆನ್ಸಿಯ ತಂತಿಯನ್ನು ಸ್ಕ್ಯಾನ್ ನೋಡುತ್ತಲೇ ಒಳಗೆ ಕಳಿಸಿ ಸುಟ್ಟು ಮುಚ್ಚಬಹುದು. ಸುರುಳಿ ಸುರುಳಿಯಾಗಿ ಚಿಗುರಿದ ನಾಳಗಳೊಳಗೆ ತಂತಿ ಹೋಗದು, ಅಲ್ಲಿಗೆ ನೊರೆಯಂಥ ಔಷಧ ಚುಚ್ಚುವುದು ಅನುಕೂಲ. ಬ್ರಿಟನ್ನಿನ ನೈಸ್ ಸಂಸ್ಥೆ 2013ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲೂ ಮೊದಲು ಡ್ಯುಪ್ಲೆಕ್ಸ್ ಮಾಡಿ ಖಚಿತಪಡಿಸಿಕೊಳ್ಳಿ, ಆಮೇಲೆ ಶಾಖದ ಚಿಕಿತ್ಸೆ, ಅದಾಗದಿದ್ದರೆ ನೊರೆ, ಅದೂ ಆಗದಿದ್ದರೆ ಆಪರೇಷನ್ ಎಂಬ ಕ್ರಮವಿದೆ. ಮೊದಲ ಆಪರೇಷನ್‌ಗೆ ಮುಂಚೆಯೇ ಸ್ಕ್ಯಾನ್ ಮಾಡಿದರೆ ಮರುಕಳಿಕೆ ತಗ್ಗುತ್ತದೆಯೇ ಎಂದು ಸ್ವೀಡನ್ನಿನಲ್ಲಿ ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ನೋಡಿದರು. 2005ರಲ್ಲಿ ಬಂದ ಫಲಿತಾಂಶದಲ್ಲಿ, ಎರಡು ವರ್ಷದ ನಂತರ, ಸ್ಕ್ಯಾನ್ ಆದವರಲ್ಲಿ ಮರು ಆಪರೇಷನ್ ಸ್ಪಷ್ಟವಾಗಿ ಕಡಿಮೆಯಿತ್ತು. ಮರುಕಳಿಸಿದ ಕಾಲನ್ನು ಬೇರೆಯಾಗಿಯೇ ಗುರುತಿಸಬೇಕು ಎಂಬುದು ಈಗ ಎಷ್ಟು ಒಪ್ಪಿತವಾಗಿದೆಯೆಂದರೆ, ಈ ರೋಗದ ಹಂತಗಳನ್ನು ಗುರುತಿಸುವ ಸೀಪ್ ಎಂಬ ಅಂತರರಾಷ್ಟ್ರೀಯ ವರ್ಗೀಕರಣವನ್ನು 2020ರಲ್ಲಿ ಪರಿಷ್ಕರಿಸಿದಾಗ ಅದಕ್ಕೆಂದೇ ಒಂದು ಪ್ರತ್ಯೇಕ ಗುರುತು ಸೇರಿಸಿದರು.

ಮೊಣಕಾಲಿನ ಹಿಂದೆ ಕೊಯ್ಯುವುದಿದ್ದರೆ ಸ್ಕ್ಯಾನ್ ಇನ್ನೂ ಅಗತ್ಯ. ಸ್ಮಾಲ್ ಸೆಫೇನಸ್ ಆಳದ ನಾಳಕ್ಕೆ ಕೂಡುವ ಜಾಗ ಎಲ್ಲರಲ್ಲೂ ಒಂದೇ ಅಲ್ಲ. ಕೆಲವರಲ್ಲಿ ಮಡಿಕೆಗಿಂತ ಎರಡು ಬೆರಳು ಮೇಲೆ, ಕೆಲವರಲ್ಲಿ ತೊಡೆಯ ಹಿಂಬದಿಯಲ್ಲಿ ಇನ್ನೂ ಎತ್ತರದಲ್ಲಿ, ಕೆಲವರಲ್ಲಿ ಅಲ್ಲಿ ಕೂಡುವುದೇ ಇಲ್ಲ. ಪಕ್ಕದಲ್ಲೇ ಕಾಲಿಗೆ ಸ್ಪರ್ಶಜ್ಞಾನ, ಚಲನೆ ಕೊಡುವ ನರತಂತುಗಳು ಹಾದುಹೋಗುತ್ತವೆ. ಅಂದಾಜಿನಲ್ಲಿ ಹುಡುಕುತ್ತಾ ಹೋಗುವ ಜಾಗವಲ್ಲ ಅದು.

ಸ್ಕ್ಯಾನಿಗೆ ಹೋಗುವವರು ಹಳೆಯ ಡಿಸ್ಚಾರ್ಜ್ ಕಾರ್ಡು, ಹಳೆಯ ಸ್ಕ್ಯಾನ್ ರಿಪೋರ್ಟು ಹುಡುಕಿ ಒಯ್ಯಬೇಕು. ಎಷ್ಟೋ ಮನೆಗಳಲ್ಲಿ ಇವು ಟ್ರಂಕಿನ ತಳದಲ್ಲಿ ಜಮೀನಿನ ಪಹಣಿಯ ಜೊತೆ ಸಿಗುತ್ತವೆ. ಯಾವ ನಾಳ ಕಟ್ಟಿದರು, ಯಾವುದನ್ನು ತೆಗೆದರು ಎಂಬ ಒಂದು ಸಾಲು ಸಿಕ್ಕರೂ ಸ್ಕ್ಯಾನ್ ಮಾಡುವವರ ಅರ್ಧ ಕೆಲಸ ಹಗುರಾಗುತ್ತದೆ. ಹೋಗುವ ಮುನ್ನ ಬೆಳಗಿನಿಂದ ಮಲಗಿರಬೇಡಿ, ಮಧ್ಯಾಹ್ನದ ಮೇಲೆ ಸಮಯ ಸಿಕ್ಕರೆ ಒಳ್ಳೆಯದು, ಆಗ ನಾಳಗಳು ತುಂಬಿರುತ್ತವೆ. “ನಿಂದ್ರಿಸಿ ನೋಡ್ತೀರೇನ್ರಿ? ಎಲ್ಲಿಂದ ಬರಾಕತ್ತೈತಿ ಅಂತ ಬರದು ಕೊಡ್ರಿ” ಎಂದು ಕೇಳುವುದು ಅಧಿಕಪ್ರಸಂಗವಲ್ಲ. ಒಳ್ಳೆಯ ಡಾಕ್ಟರು ಅದಕ್ಕೆ ಬೇಸರಿಸುವುದಿಲ್ಲ.

ಸ್ಕ್ಯಾನಿಗೆ ದಿನ ಕಾಯುವಾಗ ಪಾದದ ಗಂಟಿನ ಒಳಬದಿ ಚರ್ಮ ಕಪ್ಪಾಗಿ ತುರಿಸುತ್ತಿದ್ದರೆ ಉಗುರಿನಿಂದ ಕೆರೆಯಬಾರದು, ಹುಣ್ಣು ಅಲ್ಲೇ ಶುರುವಾಗುತ್ತದೆ. ಉಬ್ಬಿದ ನಾಳ ಒಡೆದು ರಕ್ತ ಚಿಮ್ಮಿದರೆ ಗಾಬರಿಯಿಂದ ನಿಲ್ಲುವುದು, ಓಡುವುದು ಬೇಡ. ಕೂಡಲೇ ಮಲಗಿಸಿ, ಕಾಲನ್ನು ಎದೆಮಟ್ಟಕ್ಕಿಂತ ಮೇಲೆತ್ತಿ, ಸ್ವಚ್ಛ ಬಟ್ಟೆಯಿಂದ ಒಡೆದ ಜಾಗವನ್ನೇ ಒತ್ತಿ ಹಿಡಿಯಬೇಕು. ಮೇಲೆ ಹಗ್ಗ ಬಿಗಿಯಬಾರದು. ರಕ್ತ ನಿಂತ ಮೇಲೂ ಆಸ್ಪತ್ರೆಗೆ ತೋರಿಸಬೇಕು. ಸ್ಟಾಕಿಂಗ್ಸ್ ಹಾಕಿಕೊಳ್ಳಿ ಎಂದು ಹೇಳಿದ್ದರೆ ಬೆಳಿಗ್ಗೆ ಹಾಸಿಗೆಯಿಂದ ಏಳುವ ಮುನ್ನ ಹಾಕಿಕೊಳ್ಳಬೇಕು. ನಡೆಯುವಾಗ ಕಾಲಿನಲ್ಲಿ ಸೆಳೆತ ಬಂದು ನಿಲ್ಲಬೇಕಾಗುವವರು, ಸಕ್ಕರೆ ಕಾಯಿಲೆಯವರು, ಬೀಡಿ ಸೇದುವವರು ಮೊದಲು ಅಪಧಮನಿಯ ಪರೀಕ್ಷೆ ಮಾಡಿಸದೆ ಬಿಗಿ ಸ್ಟಾಕಿಂಗ್ಸ್ ಹಾಕಿಕೊಳ್ಳುವಂತಿಲ್ಲ.

ಆಪರೇಷನ್ ಗೊತ್ತಾದ ದಿನ ಬೆಳಿಗ್ಗೆ ಇನ್ನೊಂದು ಕೆಲಸ ಬಾಕಿ ಇರುತ್ತದೆ. ರೋಗಿಯನ್ನು ಮತ್ತೆ ನಿಲ್ಲಿಸಿ, ಸ್ಕ್ಯಾನ್ ನೋಡುತ್ತಾ, ಸೋರುವ ಜಾಗಗಳನ್ನೂ ತೆಗೆಯಬೇಕಾದ ಗಂಟುಗಳನ್ನೂ ಮಾರ್ಕರ್ ಪೆನ್ನಿನಿಂದ ಚರ್ಮದ ಮೇಲೆ ಬರೆಯುವುದು. ಟೇಬಲ್ ಮೇಲೆ ಮಲಗಿಸಿದೊಡನೆ ನಾಳಗಳು ಬರಿದಾಗಿ ಹುಡುಕಿದರೂ ಸಿಗುವುದಿಲ್ಲ, ಆದ್ದರಿಂದ ನಿಂತಾಗಲೇ ಗುರುತು ಮಾಡಬೇಕು. ಮಸಿ ಸ್ಪಿರಿಟ್ಟಿಗೆ ಅಳಿಸದಂಥದಾಗಿರಬೇಕು. ಗುರುತು ಹಾಕುವಾಗ ರೋಗಿ ತನ್ನ ಕಾಲನ್ನು ತಾನೇ ಬಗ್ಗಿ ನೋಡಿಕೊಳ್ಳಲಿ. ದಿನವೂ ನೋಯುವ ಗಂಟೊಂದು ಗೆರೆಯಿಲ್ಲದೆ ಉಳಿದಿದ್ದರೆ, ಥಿಯೇಟರಿಗೆ ಕರೆದೊಯ್ಯುವ ಮುನ್ನವೇ ಬೆರಳಿಟ್ಟು ತೋರಿಸಲಿ.